ಮನೆತನದ ಹೆಸರು

ಫ್ರಾಂಕೆನ್‌ಸ್ಟೈನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ವಿಕಾರ ಮುಖದ ದೈತ್ಯನೊಬ್ಬ ನೆನಪಾಗುತ್ತಾನೆ. ಆದರೆ ಮೇರಿ ಶೆಲ್ಲಿಯ ಕಾದಂಬರಿಯಲ್ಲಿ (1818) ಅದು ಜಿನೀವಾ ನಗರದ ಗೌರವಸ್ಥ ಮನೆತನವೊಂದರ ಹೆಸರು. ಆ ಮನೆಯ ಮಗ ವಿಕ್ಟರ್ ಸೃಷ್ಟಿಸಿದ ಜೀವಿಗೆ ಮನೆತನದ ಹೆಸರಿರಲಿ, ಯಾವ ಹೆಸರೂ ದೊರೆಯುವುದಿಲ್ಲ. ಈ ಭಯಾನಕ ಕೃತಿಯ ನಿಜವಾದ ಭಯವಿರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ವಿಕ್ಟರ್ ಮನೆಯವರನ್ನು ಪ್ರೀತಿಸದವನಲ್ಲ. ಓದಲೆಂದು ಇಂಗೋಲ್‌ಸ್ಟಾಟ್‌ಗೆ ಹೋದವನು ಪ್ರಯೋಗದಲ್ಲಿ ಮುಳುಗಿ ಮನೆಗೆ ಕಾಗದ ಬರೆಯುವುದನ್ನೇ ಮರೆಯುತ್ತಾನೆ. ಕಾಗದ ನಿಂತರೆ ಉಳಿದ ಕರ್ತವ್ಯಗಳನ್ನೂ ಮರೆತಿರುವೆಯೆಂದೇ ತಿಳಿಯುವೆನೆಂದು ತಂದೆ ಮೊದಲೇ ಎಚ್ಚರಿಸಿದ್ದರು. ಆ ಮಾತು ಅವರೆಣಿಸಿದ್ದಕ್ಕಿಂತ ಘೋರವಾಗಿ ನಿಜವಾಗುತ್ತದೆ. ಜೀವ ತಳೆದ ರಾತ್ರಿಯೇ ವಿಕ್ಟರ್ ತನ್ನ ಸೃಷ್ಟಿಯನ್ನು ಕಂಡು ಹೇಸಿ ಓಡಿಹೋಗುತ್ತಾನೆ. ಮುಂದೆ ತಮ್ಮ ವಿಲಿಯಂನ ಕೊಲೆಯಾದಾಗ, ಕೊಂದವನಾರೆಂದು ಮನಸ್ಸಿಗೆ ಖಚಿತವಾಗಿದ್ದರೂ, ಜನ ಹುಚ್ಚನೆಂದಾರೆಂದು ಬಾಯಿ ಬಿಡುವುದಿಲ್ಲ. ಮನೆಗೆಲಸದ ಹುಡುಗಿ ಜಸ್ಟಿನ್ ನಿರಪರಾಧಿಯಾಗಿಯೂ ಮರಣದಂಡನೆಗೆ ಗುರಿಯಾಗುತ್ತಾಳೆ. ತಾಯಿಯ ಕೊನೆಯಾಸೆಯಂತೆ ಕೈಹಿಡಿದ ಎಲಿಜಬೆತ್ ಮದುವೆಯ ರಾತ್ರಿಯೇ ಹತಳಾಗುತ್ತಾಳೆ. ಆ ದುಃಖದಲ್ಲಿ ತಂದೆಯೂ ತೀರಿಕೊಳ್ಳುತ್ತಾರೆ.

ಜೀವಿ ಕೇಳಿದ ಸಂಗಾತಿಯನ್ನು ಅರ್ಧಕ್ಕೇ ನಾಶಪಡಿಸಿ ವಿಕ್ಟರ್ ಮಾನವಕುಲದ ಹೊಣೆ ಹೊತ್ತನಲ್ಲವೇ ಎಂದು ಕೆಲವರು ಕೇಳಬಹುದು. ಅದು ನಿಜ. ಆದರೆ ಕುಲದ ಹೊಣೆ ಹೊತ್ತವನು ತಾನು ಜೀವ ಕೊಟ್ಟವನ ಹೊಣೆಯನ್ನು ಹೊರಲಿಲ್ಲ. ಸಾಯುವಾಗಲೂ ತನ್ನ ನಡತೆಯಲ್ಲಿ ದೋಷ ಕಾಣಲಿಲ್ಲ.

ಹೊಣೆಯ ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ನಾರಣಪ್ಪನ ಶವಸಂಸ್ಕಾರ ಯಾರ ಕರ್ತವ್ಯವೆಂದು ಬಂಧುಗಳು ವಾದಿಸುತ್ತಿರುವಾಗ, ಶಾಸ್ತ್ರವು ಹೆಂಡತಿಯೆಂದು ಒಪ್ಪದ ಚಂದ್ರಿ ಆ ಕೆಲಸವನ್ನು ಮಾಡಿಸಿ ಮುಗಿಸುತ್ತಾಳೆ. ಕರ್ತವ್ಯದ ಲೆಕ್ಕ ಹಾಕುವವರಿಗೂ ಹೊಣೆ ಹೊರುವವರಿಗೂ ಇರುವ ಅಂತರ ಇದೇ.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಉದ್ಯೋಗ ಹಿಡಿದು ನೆಲೆಸಿದ ನಮಗೂ ಇದು ದೂರದ ಮಾತಲ್ಲ. ಊರಿನ ಹಿರಿಯರಿಗೆ ತಿಂಗಳು ತಿಂಗಳು ಹಣ ಕಳುಹಿಸಿ, ಭಾನುವಾರ ಫೋನು ಮಾಡಿ, ಕರ್ತವ್ಯ ಮುಗಿಯಿತೆಂದುಕೊಳ್ಳುವುದು ಸುಲಭ. ಇಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಶೆಲ್ಲಿಯ ಜೀವಿ ಡಿ ಲೇಸಿ ಕುಟುಂಬದ ಮಾತನ್ನು ಗೋಡೆಯ ಬಿರುಕಿನಾಚೆಯಿಂದ ಕದ್ದು ಕೇಳಿ ಭಾಷೆ ಕಲಿತ; ಕೂರಿಸಿಕೊಂಡು ಕಲಿಸಬೇಕಾದ ತಂದೆ ಓಡಿಹೋಗಿದ್ದ. ನಮ್ಮ ಮಕ್ಕಳೂ ಊರಿನವರೊಡನೆ ನಾವಾಡುವ ಫೋನಿನ ಮಾತನ್ನು ಕೇಳಿಸಿಕೊಂಡೇ ಕನ್ನಡ ಕಲಿಯುವಂತಾಗಬಾರದು. ಅವರೊಡನೆ ಕುಳಿತು ಮಾತಾಡುವ ಕೆಲಸ ನಮ್ಮದು. ದುಡಿಮೆಯ ನೆಪ ಹೇಳಿ ಅದನ್ನು ಇನ್ನೊಬ್ಬರಿಗೆ ಒಪ್ಪಿಸಲಾಗದು.