ಹೊಳೆಯ ಬಾತು ಮತ್ತು ಸಂಶೋಧಕನ ಬಲೆ

ಕಾಡುಹಕ್ಕಿಯನ್ನು ಹಿಡಿಯುವುದು ಅಪರಾಧವೆಂದು ನಾವು ಊರೂರು ತಿರುಗಿ ಹೇಳುತ್ತ ಬಂದಿದ್ದೇವೆ. ಶಾಲೆಯ ಗೋಡೆಗಳ ಮೇಲೆ ಬರೆಸಿದ್ದೇವೆ, ಸಂತೆಗಳಲ್ಲಿ ಕರಪತ್ರ ಹಂಚಿದ್ದೇವೆ. ಹೀಗಿರುವಾಗ ವಿಶ್ವವಿದ್ಯಾಲಯದಿಂದ ಬಂದ ಯುವಕನೊಬ್ಬನು ಹೊಳೆಯ ದಡದಲ್ಲಿ ಬಲೆ ಕಟ್ಟಿ ಬಾತುಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರೆ ಅದನ್ನು ಅಧ್ಯಯನವೆನ್ನುವುದು ಹೇಗೆ? ಗದ್ದೆಯ ಬದುವಿನಲ್ಲಿ ಉರುಳು ಇಟ್ಟ ಹುಡುಗನಿಗೆ ಮೊಕದ್ದಮೆ, ಪಟ್ಟಣದಿಂದ ಬಂದವನಿಗೆ ಪದವಿ. ಇದು ಯಾವ ನ್ಯಾಯ? ನಮ್ಮ ಗ್ರಾಮಸ್ಥರು ಕೇಳುವ ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಪರಿಪಾಠ ನಮ್ಮ ವಿದ್ಯಾವಂತರಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಸರಿಯಾಗಿಯೇ ಇದೆ; ಅದಕ್ಕೆ ಉತ್ತರ ಕೊಡಬೇಕಾದ ಹೊಣೆ ಹಿಡಿಯುವವನದು.

ಕಾನೂನು ಕೂಡ ಈ ವಿಷಯದಲ್ಲಿ ಗ್ರಾಮಸ್ಥರ ಮಾತನ್ನೇ ಆಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವು ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಹಿಡಿಯುವುದು, ಉರುಳು ಹಾಕುವುದು, ಬೋನಿಗೆ ಕೆಡವುವುದು, ಮೊಟ್ಟೆಗೂಡುಗಳನ್ನು ಕದಡುವುದು, ಇವೆಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಉಂಗುರ ತೊಡಿಸಲು ಹಕ್ಕಿ ಹಿಡಿಯುವವನೂ ಕಾನೂನಿನ ಕಣ್ಣಿನಲ್ಲಿ ಬೇಟೆಗಾರನೇ. ಅವನಿಗೆ ವಿನಾಯಿತಿ ದೊರೆಯುವುದು ಅದೇ ಕಾಯ್ದೆಯ 12ನೇ ಕಲಮಿನಡಿ. ಶಿಕ್ಷಣ, ವೈಜ್ಞಾನಿಕ ಸಂಶೋಧನೆ ಮುಂತಾದ ಉದ್ದೇಶಗಳಿಗೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಸರ್ಕಾರದ ಪೂರ್ವಾನುಮತಿ ಪಡೆದು, ಕಾರಣಗಳನ್ನು ಬರಹದಲ್ಲಿ ದಾಖಲಿಸಿ, ಷರತ್ತುಗಳಿಗೆ ಒಳಪಟ್ಟು ಪರವಾನಗಿ ಕೊಡಬಹುದು. ಕಾಲೇಜಿನ ಪ್ರಾಧ್ಯಾಪಕರ ಪತ್ರವಾಗಲಿ, ತೋಟದ ಮಾಲೀಕರ ಒಪ್ಪಿಗೆಯಾಗಲಿ, ವಲಯ ಅರಣ್ಯಾಧಿಕಾರಿಯ ಬಾಯಿಮಾತಾಗಲಿ ಇದಕ್ಕೆ ಬದಲಿಯಲ್ಲ. ದಡದಲ್ಲಿ ಬಲೆ ಕಂಡ ಯಾವುದೇ ಗ್ರಾಮಸ್ಥನು ಆ ಪರವಾನಗಿಯನ್ನು ತೋರಿಸುವಂತೆ ಕೇಳುವುದು ಅವಿಧೇಯತೆಯೇನೂ ಅಲ್ಲ.

ಪರವಾನಗಿ ಇದ್ದ ಮಾತ್ರಕ್ಕೆ ಹಿಡಿಯುವುದು ಯೋಗ್ಯವೆಂದಾಗುವುದಿಲ್ಲ. ಮೊದಲು ಕೇಳಬೇಕಾದದ್ದು, ಹಿಡಿಯದೆ ತಿಳಿಯಲಾಗದ ವಿಷಯ ಯಾವುದು ಎಂದು. ಕಾವೇರಿಯಲ್ಲಿ ಬೆಟ್ರಿಯಿಂದ ದುಬಾರೆಯವರೆಗೆ ಎಷ್ಟು ಬಾತುಗಳಿವೆ, ಅವು ಎಲ್ಲಿ ಮರಿ ಮಾಡುತ್ತವೆ, ತೆಪ್ಪ ವಿಹಾರದ ಗದ್ದಲವಿರುವ ದಿನ ಎತ್ತ ಹೋಗುತ್ತವೆ, ಮರಳು ತೆಗೆದ ಕಡೆ ಮತ್ತೆ ಬರುತ್ತವೆಯೇ? ಇವೆಲ್ಲಕ್ಕೂ ಒಂದು ದುರ್ಬೀನು, ಒಂದು ನೋಟುಪುಸ್ತಕ ಮತ್ತು ಬೆಳಗಿನ ಐದು ಗಂಟೆಗೆ ಏಳುವ ಮನಸ್ಸು ಸಾಕು. ಕೊಡಗಿನ ಕಾಫಿ ತೋಟಗಾರರಾಗಿದ್ದ ಎಫ್. ಎನ್. ಬೆಟ್ಸ್ ಅವರು 1950ರ ದಶಕದ ಆರಂಭದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಕೊಡಗಿನ ಹಕ್ಕಿಗಳ ವಿವರಣೆಯೂ, ಅನಂತರ ವಿರಾಜಪೇಟೆಯ ಡಾ. ಎಸ್. ವಿ. ನರಸಿಂಹನ್ ಅವರ ಪುಸ್ತಕಗಳೂ ವರ್ಷಗಟ್ಟಲೆ ನೋಡಿ ಬರೆದ ಕಣ್ಣಿನ ಫಲ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿರುವ ಏಷ್ಯಾದ ನೀರುಹಕ್ಕಿಗಳ ಗಣತಿಗೂ ಬಲೆ ಬೇಕಾಗಿಲ್ಲ. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಲ್ಲಿ ಹತ್ತು ವರ್ಷ ಬಿಡದೆ ಎಣಿಸಿದ ವಿದ್ಯಾರ್ಥಿಯ ಕೈಯಲ್ಲಿರುವ ಲೆಕ್ಕವು ಹತ್ತು ಬಾತುಗಳಿಗೆ ಉಂಗುರ ತೊಡಿಸಿದವನ ಲೆಕ್ಕಕ್ಕಿಂತ ನಮ್ಮ ಹೊಳೆಗೆ ಹೆಚ್ಚು ಉಪಯುಕ್ತವೆಂದೇ ನಾನು ಭಾವಿಸುತ್ತೇನೆ.

ಆದರೆ ಹಿಡಿಯದೆ ಉತ್ತರ ಸಿಗದ ಪ್ರಶ್ನೆಗಳೂ ಇವೆ. ಆಷಾಢದಲ್ಲಿ ಕಾವೇರಿ ಕೆಂಪಾಗಿ ದಡ ಮೀರಿದಾಗ ನಮ್ಮ ಬಾತುಗಳು ಎಲ್ಲಿಗೆ ಹೋಗುತ್ತವೆ? ನಾಟಿಯಾದ ಗದ್ದೆಗಳಿಗೋ, ಪೂರ್ವದ ಬಯಲುಸೀಮೆಯ ಕೆರೆಗಳಿಗೋ? ಬೇಸಿಗೆಯಲ್ಲಿ ಮರಳುವುದು ಅವೇ ಹಕ್ಕಿಗಳೋ, ಬೇರೆಯವೋ? ಒಂದು ಬಾತು ಇನ್ನೊಂದರಂತೆಯೇ ಕಾಣುವುದರಿಂದ ಗುರುತಿಲ್ಲದೆ ಇದನ್ನು ಹೇಳಲಾಗದು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಎಲ್ಲಿಂದ ಬರುತ್ತವೆಂಬುದು ಖಚಿತವಾದದ್ದು, ಅವುಗಳಲ್ಲಿ ಕೆಲವುಗಳ ಕೊರಳಿನಲ್ಲಿ ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿಯ ಅಕ್ಷರಗಳನ್ನು ನಮ್ಮವರು ದೂರದರ್ಶಕದಲ್ಲಿ ಓದಿದ್ದರಿಂದ. ತಮಿಳುನಾಡಿನ ಕೂಂದನ್‌ಕುಳಂ ಮತ್ತು ಒಡಿಶಾದ ಚಿಲಿಕಾದಲ್ಲಿ ಹಿಡಿದು ಉಪಗ್ರಹ ಸಾಧನ ಕಟ್ಟಿದ ಹೆಬ್ಬಾತುಗಳೇ ಅವು ಹಿಮಾಲಯವನ್ನು ಎಂಟು ಗಂಟೆಗಳಷ್ಟರಲ್ಲಿ ಏರಿ ದಾಟುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ತೋರಿಸಿಕೊಟ್ಟವು. ಇಷ್ಟನ್ನು ದಡದಲ್ಲಿ ಕುಳಿತು ಯಾರೂ ತಿಳಿಯಲಾರರು.

ಇನ್ನು ಹಿಡಿಯುವ ರೀತಿ. ಇಲ್ಲಿ ಪುಸ್ತಕದ ವಿದ್ಯೆಯನ್ನು ಹೊಳೆಗೆ ಹಾಗೆಯೇ ತಂದರೆ ಅನರ್ಥ. ಅಮೆರಿಕದ ಹಾರ್ಲೆಕ್ವಿನ್ ಬಾತು, ನ್ಯೂಜಿಲೆಂಡಿನ ನೀಲಿ ಬಾತು ಮುಂತಾದವು ರಭಸದ ತೊರೆಗಳಲ್ಲೇ ಬಾಳುವಂಥವು. ಬೆದರಿದರೆ ಹೊಳೆಯ ಹಾದಿಯನ್ನೇ ಹಿಡಿದು ನೀರಿನ ಮೇಲೆ ತಗ್ಗಾಗಿ ಹಾರುತ್ತವೆ. ಆದ್ದರಿಂದ ತೊರೆಗೆ ಅಡ್ಡಲಾಗಿ ನಯವಾದ ನೂಲಿನ ಬಲೆ ಕಟ್ಟಿ, ಮೇಲಿನಿಂದ ಮೆಲ್ಲನೆ ಅಟ್ಟಿಕೊಂಡು ಬಂದು ಹಿಡಿಯುತ್ತಾರೆ. ನಮ್ಮ ಹೊಳೆಗಳಲ್ಲಿ ಅಂಥ ಬಾತುಗಳಿಲ್ಲ. ನಮ್ಮಲ್ಲಿ ವರ್ಷವಿಡೀ ಕಾಣಸಿಗುವವು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟುಗಳಿರುವ ಚುಕ್ಕೆ ಕೊಕ್ಕಿನ ಬಾತು ಮತ್ತು ಹಾರುವಾಗ ಸಿಳ್ಳೆ ಹಾಕುವ ಸಿಳ್ಳೆಬಾತು. ಚುಕ್ಕೆ ಕೊಕ್ಕಿನದು ಬೆದರಿದರೆ ನೀರಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಮರಗಳ ಮೇಲಿಂದ ಗದ್ದೆಯ ಕಡೆಗೆ ಹೋಗಿಬಿಡುತ್ತದೆ. ಕಾವೇರಿಗೆ ಅಡ್ಡಲಾಗಿ ಬಲೆ ಕಟ್ಟಿದವನಿಗೆ ನೀರುಕಾಗೆ, ಮಿಂಚುಳ್ಳಿ, ಬಾವಲಿಗಳು ಸಿಕ್ಕಾವು. ಬಲೆಯ ಅಂಚು ನೀರಿಗೆ ತಾಗಿದ್ದರೆ ನೀರುನಾಯಿಯ ಮರಿಯೂ ಸಿಕ್ಕೀತು.

ನಮ್ಮ ಹೊಳೆಗಳಿಗೆ ಒಗ್ಗುವುದು ಕಾಳಿನ ಬೋನು. ಹೊಳೆ ಇಳಿದು ಗದ್ದೆಗಳು ಒಣಗಿದ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳಲ್ಲಿ, ಆಳವಿಲ್ಲದ ನಿಂತ ನೀರಿನ ಅಂಚಿನಲ್ಲಿ, ಒಳಗೆ ಹೋಗುತ್ತ ಕಿರಿದಾಗುವ ಬಾಯಿಯ ಬೋನನ್ನು ಇಟ್ಟು, ಭತ್ತ ಚೆಲ್ಲಿ, ಬಾಗಿಲನ್ನು ಹಲವು ದಿನ ತೆರೆದೇ ಬಿಡಬೇಕು. ಹಕ್ಕಿಗಳು ಹೆದರಿಕೆ ಬಿಟ್ಟು ಬಂದುಹೋಗತೊಡಗಿದ ಮೇಲೆಯೇ ಹಿಡಿಯುವ ಮಾತು. (ಕೊಯ್ಲು ಮುಗಿದ ಹೊಸತರಲ್ಲಿ ಈ ಕೆಲಸಕ್ಕೆ ಹೊರಡುವವರಿಗೆ ಒಂದು ಕಿವಿಮಾತು: ಗದ್ದೆಯ ತುಂಬ ಉದುರಿದ ಭತ್ತವಿರುವಾಗ ನಿಮ್ಮ ಒಂದು ಸೇರಿಗೆ ಯಾವ ಬಾತೂ ಬಾರದು.) ಬೋನಿನ ಮೇಲ್ಭಾಗಕ್ಕೆ ತಂತಿಯ ಬದಲು ಮೆತ್ತನೆಯ ಬಲೆಯಿರಬೇಕು, ಇಲ್ಲವಾದರೆ ಮೇಲಕ್ಕೆ ಚಿಮ್ಮುವ ಹಕ್ಕಿಯ ನೆತ್ತಿ ಸೀಳುತ್ತದೆ. ಒಳಗೆ ನೀರಿನಿಂದ ಮೇಲೆ ಕೂರಲು ಒಂದು ಹಲಗೆ ಇರಬೇಕು. ಹಾಕಿ ಮನೆಗೆ ಹೋಗಿ ಸಂಜೆ ಬಂದು ನೋಡುವುದು ಸಲ್ಲದು. ಮರೆಯಲ್ಲಿ ಒಬ್ಬರು ಕುಳಿತು ನೋಡುತ್ತಲೇ ಇರಬೇಕು. ಊರ ನಾಯಿಗಳಿವೆ, ನೀರುನಾಯಿಗಳಿವೆ. ಅದಕ್ಕಿಂತ ಹೆಚ್ಚಾಗಿ, ಮೇಲೆಲ್ಲೋ ಸುರಿದ ಬೇಸಿಗೆಯ ಮಳೆಗೋ ಅಣೆಕಟ್ಟೆಯಿಂದ ಬಿಟ್ಟ ನೀರಿಗೋ ಹೊಳೆ ನೋಡನೋಡುತ್ತಿದ್ದಂತೆ ಏರುತ್ತದೆ, ಮತ್ತು ಬೋನಿನಲ್ಲಿರುವ ಹಕ್ಕಿ ಈಜುಗಾರನಾದರೂ ಮುಳುಗಿ ಸಾಯುತ್ತದೆ.

ಮತ್ತುಬರಿಸುವ ಔಷಧ ಬೆರೆಸಿದ ಕಾಳು ಹಾಕುವ ಪದ್ಧತಿಯೊಂದಿದೆ. ಹೊಳೆಯಲ್ಲಿ ಅದು ಕೊಲೆಯೇ, ಏಕೆಂದರೆ ತೂಕಡಿಸಿದ ಬಾತಿನ ತಲೆ ನೀರಿಗೆ ಬೀಳುತ್ತದೆ. ರಾತ್ರಿ ಪ್ರಖರ ದೀಪ ಬಿಟ್ಟು ಕಣ್ಣು ಕೋರೈಸಿ ಹಿಡಿಯುವ ವಿಧಾನ ದೊಡ್ಡ ಸರೋವರಗಳಿಗೆ ಸರಿಯಿರಬಹುದು. ಆನೆಗಳು ನೀರಿಗಿಳಿಯುವ ದುಬಾರೆಯಂಥ ಕಡೆ ಅದನ್ನು ಮಾಡಹೊರಟವನಿಗೆ ಬಾತಿನ ಚಿಂತೆಗಿಂತ ತನ್ನ ಚಿಂತೆಯೇ ಹೆಚ್ಚಾಗಬೇಕು.

ಕೈಗೆ ಬಂದ ಹಕ್ಕಿಯ ವಿಷಯದಲ್ಲಿ ಹೇಳುವುದು ಇನ್ನೂ ಇದೆ. ಬೆದರಿ ಬಹಳ ಹೊತ್ತು ಒದ್ದಾಡಿದ ಹಕ್ಕಿಯ ಸ್ನಾಯುಗಳು ಒಳಗೊಳಗೇ ಹಾಳಾಗುತ್ತವೆ. ಬಿಟ್ಟಾಗ ಹಾರಿಹೋದದ್ದು ಒಂದೆರಡು ದಿನಗಳಲ್ಲಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಸಂಶೋಧಕನ ಪುಸ್ತಕದಲ್ಲಿ ಮಾತ್ರ ‘ಸುರಕ್ಷಿತವಾಗಿ ಬಿಡಲಾಯಿತು’ ಎಂದು ದಾಖಲಾಗಿರುತ್ತದೆ. ಈ ಕಾರಣದಿಂದಲೇ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯುವುದು, ಕತ್ತಲೆಯ ಬಟ್ಟೆಚೀಲದಲ್ಲಿ ಇಡುವುದು, ಮಾತು ನಗು ನಿಲ್ಲಿಸುವುದು, ಬಿಸಿಲೇರುವ ಮುನ್ನ ಮುಗಿಸುವುದು. ಪೋಟೋ ತೆಗೆಸಿಕೊಳ್ಳಲು ಹಕ್ಕಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ಯಾವ ಶಿಬಿರವೂ ಒಪ್ಪಬಾರದು. ಹಕ್ಕಿಗೆ ಕಟ್ಟುವ ಸಾಧನದ ತೂಕ ಅದರ ಮೈತೂಕದ ನೂರಕ್ಕೆ 3ನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಅರ್ಧ ಕಿಲೋ ತೂಗುವ ಸಿಳ್ಳೆಬಾತಿಗೆ ಅದು 15 ಗ್ರಾಂ, ಒಂದು ಕಿಲೋ ತೂಗುವ ಚುಕ್ಕೆ ಕೊಕ್ಕಿನದಕ್ಕೆ 30 ಗ್ರಾಂ. ಮರಿಗಳೊಂದಿಗೆ ಇರುವ ತಾಯಿಯನ್ನು ಎಂದಿಗೂ ಮುಟ್ಟಬಾರದು: ಬಾತಿನ ಮರಿಗಳು ಹುಟ್ಟಿದ ಒಂದು ದಿನದೊಳಗೇ ಗೂಡು ಬಿಟ್ಟು ತಾಯಿಯ ಹಿಂದೆ ನೀರಿಗಿಳಿಯುತ್ತವೆ, ತಾಯಿ ಒಂದು ಗಂಟೆ ಇಲ್ಲವಾದರೆ ಹದ್ದಿಗೆ, ಮೀನಿಗೆ ತುತ್ತಾಗುತ್ತವೆ. ಜೋಡಿಯಾಗಿ ಸಿಕ್ಕವನ್ನು ಜೋಡಿಯಾಗಿಯೇ, ಸಿಕ್ಕ ಜಾಗದಲ್ಲಿಯೇ ಬಿಡಬೇಕು. 2021ರ ಜನವರಿಯಲ್ಲಿ ನೆರೆಯ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರದಿಂದ ಸಾಕುಬಾತುಗಳನ್ನು ರಾಶಿರಾಶಿಯಾಗಿ ಕೊಲ್ಲಬೇಕಾಗಿ ಬಂದುದನ್ನು ನೆನೆದರೆ, ಒಂದು ಹೊಳೆಯ ಬೋನನ್ನೂ ಚೀಲವನ್ನೂ ತೊಳೆಯದೆ ಇನ್ನೊಂದು ಕೆರೆಗೆ ಒಯ್ಯುವುದು ಎಂಥ ಬೇಜವಾಬ್ದಾರಿಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಒಂದು ಕೆಲಸ ಕೆಡಬಹುದು, ಅದು ಗುಟ್ಟಿನಿಂದ. ಇದಕ್ಕೆ ಮಲೆನಾಡಿನಲ್ಲೇ ದೊಡ್ಡ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಹರಡಿದ ಜ್ವರದ ವೈರಸ್ಸು ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಒಂದು ರೋಗದ ವೈರಸ್ಸಿಗೆ ಹತ್ತಿರದ್ದೆಂದು ಕಂಡುಬಂತು. ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಊಹೆ ಹುಟ್ಟಿತು. ಡಾ. ಸಲೀಂ ಅಲಿ ಅವರ ನೇತೃತ್ವದಲ್ಲಿ ಮುಂಬಯಿಯ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಆರಂಭಿಸಿದ್ದು ಆ ಹಿನ್ನೆಲೆಯಲ್ಲಿ. ಹಿಡಿಯುವ ಕೌಶಲಕ್ಕಾಗಿ ಸಂಘವು ಬಿಹಾರದ ಮೀರ್‌ಶಿಕಾರ್ ಎಂಬ ಪಾರಂಪರಿಕ ಹಕ್ಕಿಬೇಟೆಗಾರರನ್ನೇ ಜೊತೆಗೆ ಸೇರಿಸಿಕೊಂಡಿತು. ಬಾತುಗಳು ಭರತಪುರದಿಂದ ಸೈಬೀರಿಯಾಕ್ಕೆ ಹೋಗುವ ದಾರಿ ತಿಳಿದದ್ದು ಅಂಥ ಉಂಗುರಗಳಿಂದ. ಹಕ್ಕಿಗಳು ರೋಗ ತಂದವೆಂಬ ಊಹೆ ಮಾತ್ರ ದೃಢಪಡಲಿಲ್ಲ.

ಮುಂದೆ 1960ರ ದಶಕದಲ್ಲಿ ಯೋಜನೆಗೆ ಅಮೆರಿಕದ ಸೇನೆಗೆ ಸೇರಿದ ಸಂಶೋಧನಾ ವಿಭಾಗದ ಹಣ ಬಂತು. ಹಿಡಿದ ಹಕ್ಕಿಗಳ ರಕ್ತ, ಉಣ್ಣೆಗಳ ಮಾದರಿ ಯಾರಿಗೆ, ಏತಕ್ಕೆ ಹೋಗುತ್ತಿವೆ ಎಂಬ ಪ್ರಶ್ನೆ ಎದ್ದು, ಜೈವಿಕ ಯುದ್ಧದ ಸಿದ್ಧತೆಯೆಂಬ ಸಂಶಯ 1970ರ ದಶಕದಲ್ಲಿ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಮೊಳಗಿತು. ಆ ಸಂಶಯಕ್ಕೆ ಹುರುಳಿತ್ತೆಂದು ನಾನು ಹೇಳುತ್ತಿಲ್ಲ. ಸಲೀಂ ಅಲಿ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಕಾಡಿನ ಜನ ಆ ಜ್ವರದಿಂದ ಸತ್ತರೋ ಆ ಜನಕ್ಕೆ ಆ ಹಕ್ಕಿಗಳನ್ನು ಏಕೆ ಹಿಡಿಯುತ್ತಿದ್ದಾರೆ, ಹಣ ಯಾರದು ಎಂಬುದನ್ನು ಅವರ ಭಾಷೆಯಲ್ಲಿ ಮೊದಲೇ ಹೇಳಬೇಕಾಗಿತ್ತು ಎಂಬುದು ನನ್ನ ವಾದ.

ಕೊಡಗಿಗೆ ಇದು ಇನ್ನೂ ಹೆಚ್ಚು ಸಲ್ಲುವ ಮಾತು. ಕೋವಿಗೆ ಆಯುಧಪೂಜೆ ಮಾಡುವ ನಾಡು ನಮ್ಮದು. ಕೈಲ್‌ಪೊಳ್ದ್ ಬಂದರೆ ಬೇಟೆಯ ಕಥೆಗಳು ಇಂದಿಗೂ ಏಳುತ್ತವೆ. ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಅದರೊಡನೆ ಬೆಳೆದ ಅರಿವು ಹಿರಿಯರ ತಲೆಯಲ್ಲಿ ಉಳಿದಿದೆ. ಬೆಳಕು ಹರಿಯುವಾಗ ಬಾತುಗಳು ಯಾವ ಕಡುವಿನಿಂದ ಯಾವ ಗದ್ದೆಗೆ ಹಾರುತ್ತವೆ, ಯಾವ ಬಂಡೆಯ ಮೇಲೆ ಒಣಗಲು ಕೂರುತ್ತವೆ ಎಂಬುದನ್ನು ತಿಳಿಯಲು ಸಂಶೋಧಕನಿಗೆ ಎರಡು ಋತು ಬೇಕು. ಹೊಳೆದಂಡೆಯ ಅಜ್ಜನಿಗೆ ಎರಡು ನಿಮಿಷ. ಅವರನ್ನು ಕೇಳದೆ ಬೋನು ಇಡುವವನು ತನ್ನ ಕಾಲವನ್ನೂ ಹಕ್ಕಿಯ ಪ್ರಾಣವನ್ನೂ ವ್ಯರ್ಥ ಮಾಡುತ್ತಾನೆ. ಕೇಳಿದವರ ಹೆಸರನ್ನು ಪ್ರಬಂಧದ ಕೊನೆಯಲ್ಲಿ ‘ಸ್ಥಳೀಯರು’ ಎಂಬ ಒಂದೇ ಪದದಲ್ಲಿ ಮುಗಿಸುವ ರೂಢಿಯೂ ಹೋಗಬೇಕು.

ಆದ್ದರಿಂದ ನಮ್ಮ ಗ್ರಾಮಸಭೆಗಳ ಮುಂದೆ ನಾನು ಇಡುವ ಸಲಹೆ ಇಷ್ಟೇ. ಪರವಾನಗಿಯ ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಇರಲಿ. ಏನನ್ನು ತಿಳಿಯಲು, ಎಷ್ಟು ಹಕ್ಕಿಗಳನ್ನು, ಯಾವ ದಿನಗಳಲ್ಲಿ ಹಿಡಿಯುತ್ತಾರೆಂದು ಸಭೆಯಲ್ಲಿ ಕನ್ನಡದಲ್ಲಿ ಹೇಳಲಿ. ಬೋನಿನ ಬಳಿ ಊರಿನ ಇಬ್ಬರು ಇರಲಿ. ಕೆಲಸ ಮುಗಿದ ಮೇಲೆ ಎಷ್ಟು ಹಿಡಿದರು, ಎಷ್ಟು ಸತ್ತವು ಎಂಬ ಎರಡೂ ಲೆಕ್ಕ ಊರಿಗೆ ಬರಲಿ. ಒಂದೂ ಸಾಯಲಿಲ್ಲವೆಂದು ಪ್ರತಿ ವರ್ಷವೂ ಹೇಳುವವರನ್ನು ನಾನು ನಂಬುವುದಿಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳೂ ಇತರ ಕಾಲೇಜುಗಳ ಗೆಳೆಯರೂ ಈ ಷರತ್ತುಗಳನ್ನು ಅಡ್ಡಿಯೆಂದು ತಿಳಿಯದೆ ತಾವೇ ಮುಂದಾಗಿ ಒಪ್ಪಿಕೊಂಡರೆ, ಹೊಳೆದಂಡೆಯ ಮನೆಗಳಲ್ಲಿ ಅವರಿಗೆ ಕಾಫಿಯೂ ಸಿಗುತ್ತದೆ, ಕಡುವಿನ ದಾರಿಯೂ ಸಿಗುತ್ತದೆ.

ಕೊನೆಯದಾಗಿ, ಗದ್ದೆಯಲ್ಲೋ ಹೊಳೆಯಲ್ಲೋ ಸತ್ತ ಹಕ್ಕಿಯ ಕಾಲಿನಲ್ಲಿ ಲೋಹದ ಉಂಗುರ ಕಂಡವರು ಅದನ್ನು ಎಸೆಯಬೇಡಿ. ಬರಿಗೈಯಿಂದ ಹಕ್ಕಿಯನ್ನು ಮುಟ್ಟಲೂ ಬೇಡಿ. ಮುಂಬಯಿಯ ಸಂಘದ ಉಂಗುರಗಳ ಮೇಲೆ ಸಂಘದ ಹೆಸರೂ ಒಂದು ಸಂಖ್ಯೆಯೂ ಕೆತ್ತಿರುತ್ತವೆ. ಸಂಖ್ಯೆ, ದಿನಾಂಕ, ಸ್ಥಳ ಬರೆದು ಸಂಘಕ್ಕೋ ಹತ್ತಿರದ ಅರಣ್ಯ ಕಚೇರಿಗೋ ಕಳುಹಿಸಿ. ಜೀವಂತ ಹಕ್ಕಿಯಾದರೆ ದೂರದಿಂದ ಓದಲು ಸಿಕ್ಕಷ್ಟು ಅಂಕಿಗಳು ಸಾಕು. ಉಳಿದ ಅಂಕಿಗಳಿಗಾಗಿ ಅಟ್ಟಿಸಿಕೊಂಡು ಹೋಗಬೇಡಿ.