ವೇಗದ ಕಾರೂ ಬ್ರೇಕ್ ಆಯಿಲಿನ ಡಬ್ಬಿಯೂ

ಜಯನಗರ, ಜೆ. ಪಿ. ನಗರಗಳಲ್ಲಿ ವಿದೇಶದಿಂದ ತರಿಸಿದ ವೇಗದ ಕಾರುಳ್ಳವರು ಅದನ್ನು ಯಾವ ಗ್ಯಾರೇಜಿನಲ್ಲಿ ಸರ್ವೀಸಿಗೆ ಬಿಡುವುದೆಂದು ನಮ್ಮನ್ನು ಕೇಳುವುದುಂಟು. ಕಾರಿಲ್ಲದ ಅಧ್ಯಾಪಕರಿಗೆ ಸಲಹೆಯೊಂದೇ ಐಶ್ವರ್ಯ! ಹೊಳೆಯುವ ನೆಲಕ್ಕಿಂತ ಮೊದಲು ಬ್ರೇಕ್ ಆಯಿಲಿನ ಡಬ್ಬಿಯನ್ನು ನೋಡಬೇಕೆಂಬುದು ನಮ್ಮ ಮತ. ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ; ಅದು ಶಾಖವಾಗಿ ಪರಿಣಮಿಸುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲು 230 ಡಿಗ್ರಿ ಸೆಂಟಿಗ್ರೇಡಿಗೆ ಮೊದಲು ಕುದಿಯಕೂಡದು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು, ಶೇಕಡಾ 3.7ರಷ್ಟು ನೀರು ಬೆರೆತರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಹುಟ್ಟುವ ಆವಿಯ ಗುಳ್ಳೆಗಳು ಒತ್ತಡಕ್ಕೆ ಕುಗ್ಗುತ್ತವೆ. ಪೆಡಲು ತಳಮುಟ್ಟಿದರೂ ಕಾರು ನಿಲ್ಲದು. ಎಂದೋ ತೆರೆದಿಟ್ಟ ಡಬ್ಬಿಯಿಂದ ಸುರಿಯುವ ಗ್ಯಾರೇಜು ಎಷ್ಟು ದೊಡ್ಡದಾದರೇನು? ಬನಶಂಕರಿಯ ಸಣ್ಣ ಶೆಡ್ಡಿನವನು ಹೊಸ ಡಬ್ಬಿಯ ಮೊಹರನ್ನು ನಮ್ಮೆದುರಿಗೇ ಒಡೆದರೆ, ಮಿಕ್ಕ ಪ್ರಶ್ನೆಗಳನ್ನು ಅವನಲ್ಲಿಯೇ ಕೇಳಬಹುದು.