ಅಲೆಯ ಎದುರು ದೋಣಿಯ ಮೂತಿ

ಕಮಲನಗರದಿಂದ ಅರಬ್ಬಿ ಸಮುದ್ರ ನೂರಾರು ಕಿಲೋಮೀಟರ್ ದೂರ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಈ ಊರಿನ ಮಕ್ಕಳಿಗೆ ಸಮುದ್ರವೆಂದರೆ ಭೂಪಟದ ಎಡಗಡೆಯ ನೀಲಿ ಬಣ್ಣ. ಆದರೆ ಶಾಲಾ ಪ್ರವಾಸದ ಬಸ್ಸು ಒಮ್ಮೆ ಕಾರವಾರವನ್ನೋ ಮಲ್ಪೆಯನ್ನೋ ತಲುಪಿತೆಂದರೆ, ಈಜು ಬಾರದ, ದೋಣಿಯನ್ನೇ ಕಂಡಿರದ ಮಕ್ಕಳೂ ದೋಣಿ ಹತ್ತಿಬಿಡುತ್ತಾರೆ. ಜೊತೆಗೆ ಹೋದ ಹಿರಿಯರಿಗೂ ಅದು ಹೊಸ ಅನುಭವವೇ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು, ಬಯಲುಸೀಮೆಯ ಕಡೆಯಿಂದ ದೇವರ ದರ್ಶನಕ್ಕೆ ಬಂದವರೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನ ಹತ್ತಿದ್ದರೆಂದು ಆಗಿನ ವರದಿಗಳು ತಿಳಿಸಿದವು. ಸಣ್ಣ ದೋಣಿಯೊಂದು ಅಲೆಯ ನಡುವೆ ಹೇಗೆ ನಿಲ್ಲುತ್ತದೆ, ಯಾವಾಗ ನಿಲ್ಲಲಾರದು ಎಂಬ ಪ್ರಶ್ನೆ ಕರಾವಳಿಯವರಿಗಷ್ಟೇ ಸೇರಿದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಗಿಡ್ಡ ಅಲೆಯ ಕಾಟ

ಅಲೆ ಎಬ್ಬಿಸುವುದು ಗಾಳಿ. ಗಾಳಿಯ ವೇಗ ಎಷ್ಟು, ಅದು ಎಷ್ಟು ಹೊತ್ತು ಬೀಸಿತು, ನೀರಿನ ಮೇಲೆ ಎಷ್ಟು ದೂರ ಓಡಿಬಂತು ಎಂಬ ಮೂರರ ಮೇಲೆ ಅಲೆಯ ಗಾತ್ರ ನಿಂತಿದೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಮೇಲೆ ಗಾಳಿಗೆ ಓಡಲು ಸಿಗುವುದು ಕೆಲವೇ ಕಿಲೋಮೀಟರ್ ಜಾಗ. ಹಾಗಾಗಿ ಅಲ್ಲಿ ಏಳುವುದು ಗಿಡ್ಡ ಅಲೆಗಳು. ಅರಬ್ಬಿ ಸಮುದ್ರದ ಮೇಲೆ ಗಾಳಿ ಸಾವಿರಾರು ಕಿಲೋಮೀಟರ್ ಓಡಬಲ್ಲದು.

ಎತ್ತರದ ಅಲೆ ಮಾತ್ರ ಅಪಾಯಕಾರಿ ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಒಂದು ಅಲೆಯಿಂದ ಮುಂದಿನ ಅಲೆಗೆ ಇರುವ ಅಂತರವೂ ಅಷ್ಟೇ ಮುಖ್ಯ. ಆಳವಾದ ನೀರಿನಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆಗಳ ನಡುವೆ ಸುಮಾರು 156 ಮೀಟರ್ ಅಂತರವಿರುತ್ತದೆ. ಅವುಗಳ ಮೇಲೆ ದೋಣಿ ಉಯ್ಯಾಲೆಯಂತೆ ನಿಧಾನವಾಗಿ ಏರಿ ಇಳಿಯುತ್ತದೆ. 4 ಸೆಕೆಂಡಿಗೊಮ್ಮೆ ಬರುವ ಅಲೆಗಳ ಅಂತರವಾದರೋ ಕೇವಲ 25 ಮೀಟರ್. ಅಷ್ಟೇ ಎತ್ತರದ ಅಲೆ ಇಷ್ಟು ಹತ್ತಿರ ಹತ್ತಿರ ಬಂದಾಗ ಅದರ ಮುಖ ಕಡಿದಾಗುತ್ತದೆ. ಸಣ್ಣ ದೋಣಿಯನ್ನು ಕುಲುಕಿ ಕಾಡುವುದು ಈ ಗಿಡ್ಡ, ಕಡಿದಾದ ಅಲೆಗಳೇ. ಬೇಸಿಗೆಯ ಮಧ್ಯಾಹ್ನ ಕಡಲಗಾಳಿ ಏರಿದಂತೆ ಇವು ಹೆಚ್ಚುತ್ತವೆ. ಬೆಳಗ್ಗೆ ಶಾಂತವಾಗಿ ಕಂಡ ಕಡಲು ಸಂಜೆಗೆ ಹಾಗಿರದು.

ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಇದು ಇನ್ನೂ ತೀವ್ರ. ಕಾರವಾರದ ಕಾಳಿ ನದಿ, ಗಂಗೊಳ್ಳಿಯ ಪಂಚಗಂಗಾವಳಿ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆ, ಎಲ್ಲ ಕಡೆಯೂ ಒಂದೇ ನಿಯಮ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಕ್ಕೆ ನುಗ್ಗುತ್ತದೆ, ಅಲೆ ಒಳಕ್ಕೆ ಬರುತ್ತದೆ. ಎದುರು ಹರಿವಿಗೆ ಸಿಕ್ಕಿದ ಅಲೆ ಕುಗ್ಗಿ ಮೇಲೇಳುತ್ತದೆ. ಕೆಳಗೆ ಮರಳದಿಬ್ಬವಿದ್ದರೆ ಅಲ್ಲಿಯೇ ಒಡೆಯುತ್ತದೆ.

ಬಂಡಿಯ ಪಾಠ

ಎತ್ತಿನ ಬಂಡಿಗೆ ಹೇರು ಹೇರುವುದನ್ನು ನೋಡಿದವರಿಗೆ ದೋಣಿಯ ಸಮತೋಲ ಅರ್ಧ ಅರ್ಥವಾದಂತೆ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ಮುಂದೆ ಹೆಚ್ಚಾದರೆ ಎತ್ತುಗಳ ಕತ್ತಿನ ಮೇಲೆ ಬೀಳುತ್ತದೆ. ಹಿಂದೆ ಭಾರವಾಯಿತೆಂದು ಕಂಡರೆ ಬಂಡಿ ಹೊಡೆಯುವವನು ತಾನೇ ಮುಂದೆ ಸರಿದು ಕೂರುತ್ತಾನೆ. ಭಾರವನ್ನು ಅದರ ದೂರದಿಂದ ಗುಣಿಸಿದರೆ ಬರುವ ತಿರುಗಿಸುವ ಬಲವನ್ನು ಪ್ರೌಢಶಾಲೆಯಲ್ಲಿ ಸನ್ನೆಯ ಪಾಠದಲ್ಲಿ ಓದುತ್ತೇವೆ. ಬಂಡಿ ಹೊಡೆಯುವವನು ಅದನ್ನು ದಿನವೂ ಬಳಸುತ್ತಾನೆ.

ಎಂಜಿನ್ ದೋಣಿಯಲ್ಲಿ ಎಂಜಿನ್ ಇರುವುದು ಹಿಂದೆ, ನೂಕು ಸಿಗುವುದೂ ಹಿಂದಿನಿಂದ. ವೇಗ ಏರಿದಂತೆ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ನೀರು ಶಾಂತವಾಗಿದ್ದರೆ ಇದರಿಂದ ತೊಂದರೆಯಿಲ್ಲ. ಗಿಡ್ಡ ಅಲೆಗಳಿದ್ದರೆ ಕಥೆ ಬೇರೆ. ದೋಣಿಯ ಮೂತಿಯ ತಳ ಕೊಡಲಿಯ ಬಾಯಿಯಂತೆ ಚೂಪು, ಹಿಂದಕ್ಕೆ ಹೋದಂತೆ ಹಲಗೆಯಂತೆ ಚಪ್ಪಟೆ. ಮೂತಿ ಎತ್ತಿಕೊಂಡು ಓಡುವ ದೋಣಿ ಅಲೆಯನ್ನು ಚೂಪಾದ ಭಾಗದಿಂದ ಸೀಳುವ ಬದಲು ಚಪ್ಪಟೆ ಹೊಟ್ಟೆಯಿಂದ ಅಪ್ಪಳಿಸುತ್ತದೆ. ಪ್ರತಿ ಅಲೆಗೂ ಒಂದು ಏಟು. ಕುಳಿತವರ ಬೆನ್ನುಮೂಳೆಗೂ ಅದೇ ಏಟು.

ಎರಡು ಫಲಕಗಳು

ಇದಕ್ಕೆ ವೇಗದ ದೋಣಿಗಳಲ್ಲಿ ಮಾಡಿಕೊಂಡ ಉಪಾಯವೇ ಟ್ರಿಮ್ ಟ್ಯಾಬ್. ದೋಣಿಯ ಹಿಂಗೋಡೆಯ ಕೆಳಅಂಚಿಗೆ, ಎಡಕ್ಕೊಂದು ಬಲಕ್ಕೊಂದು, ಕೀಲು ಹಾಕಿದ ಲೋಹದ ಫಲಕಗಳು. ಚುಕ್ಕಾಣಿಯ ಬಳಿಯ ಗುಂಡಿ ಒತ್ತಿದರೆ ಅವು ಬಾಗಿಲಿನಂತೆ ಕೆಳಕ್ಕೆ ಬಾಗುತ್ತವೆ. ದೋಣಿಯ ತಳದಿಂದ ಹಿಂದಕ್ಕೆ ಓಡುವ ನೀರನ್ನು ಫಲಕ ಕೆಳಕ್ಕೆ ತಿರುಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೀರು ಫಲಕವನ್ನು ಮೇಲಕ್ಕೆ ಒತ್ತುತ್ತದೆ. ಹಿಂಭಾಗ ಏಳುತ್ತದೆ, ಮೂತಿ ತಗ್ಗುತ್ತದೆ.

ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ಹಾರುವುದನ್ನು ಜಿಲ್ಲೆಯ ಮಕ್ಕಳು ನೋಡಿಯೇ ಇರುತ್ತಾರೆ. ಅನೇಕ ಬಗೆಯ ವಿಮಾನಗಳ ಬಾಲದ ಅಂಚಿನಲ್ಲಿಯೂ ಇದೇ ಹೆಸರಿನ ಪುಟ್ಟ ಫಲಕವಿರುತ್ತದೆ. ಅಲ್ಲಿ ಗಾಳಿ, ಇಲ್ಲಿ ನೀರು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ದೋಣಿಗೆ ಸಣ್ಣ ಫಲಕವೇ ಸಾಕು.

ಒಂದು ಲೆಕ್ಕ ನೋಡಿ. ಫಲಕಗಳು ದೋಣಿಯ ಭಾರಕೇಂದ್ರದಿಂದ ಎರಡೂವರೆ ಮೀಟರ್ ಹಿಂದೆ ಇದ್ದು, 100 ಕಿಲೋಗ್ರಾಂ ಭಾರದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತಿವೆ ಎಂದುಕೊಳ್ಳೋಣ. ಗುಣಿಸಿದರೆ 250. ಈಗ ತಲಾ 60 ಕಿಲೋಗ್ರಾಂ ತೂಕದ ನಾಲ್ವರು ಒಂದು ಮೀಟರ್ ಮುಂದಕ್ಕೆ ಸರಿದು ಕುಳಿತರೆ? 240. ಹೆಚ್ಚು ಕಡಿಮೆ ಅಷ್ಟೇ ಪರಿಣಾಮ. ಎಂದರೆ ದೋಣಿಯಲ್ಲಿ ಕುಳಿತ ಮನುಷ್ಯರೂ ಒಂದು ಬಗೆಯ ಟ್ರಿಮ್ ಟ್ಯಾಬ್‌ಗಳೇ.

ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು

ಅಲೆ ಎದುರಿನಿಂದ ಬರುವಾಗ ದೋಣಿ ನಡೆಸುವವನು ಮೊದಲು ವೇಗ ತಗ್ಗಿಸಬೇಕು. ಬಳಿಕ ಫಲಕಗಳನ್ನು ಸ್ವಲ್ಪ ಇಳಿಸಿ ಮೂತಿಯನ್ನು ತಗ್ಗಿಸಿ, ಅಲೆಗೆ ನೆಟ್ಟಗೆ ಡಿಕ್ಕಿ ಕೊಡದೆ ತುಸು ಓರೆಯಾಗಿ ಏರಬೇಕು. 4 ಸೆಕೆಂಡಿಗೊಮ್ಮೆ ಬರುವ ಅಲೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದ ದೋಣಿ ಅದಕ್ಕೆ ಎದುರಾಗಿ ಹೋದರೆ ಎರಡು ಸೆಕೆಂಡಿಗೆ ಒಂದರಂತೆ ಅಲೆಗಳು ಎದುರಾಗುತ್ತವೆ. ಹಾಗಾದರೆ ಫಲಕವನ್ನು ಪೂರ್ತಿ ಇಳಿಸಿಬಿಡಬಹುದಲ್ಲ ಎನ್ನುವಂತಿಲ್ಲ. ಮೂತಿ ಅತಿಯಾಗಿ ತಗ್ಗಿದರೆ ನೀರು ಒಳನುಗ್ಗುತ್ತದೆ, ಚುಕ್ಕಾಣಿಯ ಹಿಡಿತವೂ ತಪ್ಪುತ್ತದೆ.

ಅಲೆ ಹಿಂದಿನಿಂದ ಬರುವಾಗ ಎಲ್ಲವೂ ತಿರುವುಮುರುವು. ಅದೇ ದೋಣಿ, ಅದೇ ಅಲೆ, ಆದರೆ ಈಗ ಒಂದು ಅಲೆ ದೋಣಿಯನ್ನು ದಾಟಿಹೋಗಲು ಸುಮಾರು 20 ಸೆಕೆಂಡು ಬೇಕು. ಅಷ್ಟು ಹೊತ್ತು ದೋಣಿ ಅಲೆಯ ಇಳಿಜಾರಿನ ಮೇಲೆ ಜಾರುತ್ತಿರುತ್ತದೆ. ಆಗ ಮೂತಿ ತಗ್ಗಿದ್ದರೆ ಅದು ಮುಂದಿನ ನೀರಿಗೆ ನೆಟ್ಟುಕೊಳ್ಳುತ್ತದೆ, ಹಿಂಭಾಗವನ್ನು ಅಲೆ ನೂಕುತ್ತದೆ. ದೋಣಿ ಗಿರ್ರನೆ ಅಡ್ಡ ತಿರುಗಿ, ಅಲೆಗೆ ಬದಿಯೊಡ್ಡಿ ಮಗುಚುವ ಅಪಾಯವಿದೆ. ಆದ್ದರಿಂದ ಹಿಂದಿನಿಂದ ಅಲೆ ಬರುವಾಗ, ಅದರಲ್ಲೂ ಅಳಿವೆಯ ಬಾಗಿಲಿನಲ್ಲಿ ಒಳಬರುವಾಗ, ಫಲಕಗಳನ್ನು ಪೂರ್ತಿ ಮೇಲಕ್ಕೆತ್ತಬೇಕು. ಮುಂದಿರುವ ಅಲೆಯ ಬೆನ್ನಿನ ಮೇಲೆಯೇ, ಅದನ್ನು ದಾಟದೆ, ಅದರ ವೇಗಕ್ಕೆ ಹೊಂದಿಕೊಂಡು ಬರಬೇಕು.

ಗಾಳಿ ಬದಿಯಿಂದ ಬೀಸಿದರೆ ಒಂದು ವಿಚಿತ್ರ ಕಾಣುತ್ತದೆ. ವೇಗದ ದೋಣಿ ಗಾಳಿ ಬರುವ ಕಡೆಗೇ ವಾಲುತ್ತದೆ. ದಾರಿ ತಪ್ಪದಿರಲೆಂದು ಚುಕ್ಕಾಣಿಯನ್ನು ಗಾಳಿಯತ್ತ ತಿರುಗಿಸಿ ಹಿಡಿಯಬೇಕಾಗುವುದರಿಂದ ಹೀಗಾಗುತ್ತದೆ. ಆಗ ತಗ್ಗಿದ ಬದಿಯ ಫಲಕವೊಂದನ್ನೇ ಸ್ವಲ್ಪ ಇಳಿಸಿದರೆ ದೋಣಿ ನೆಟ್ಟಗಾಗುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿಯಬಾರದು. ಒಂದು ಕ್ಷಣ ಒತ್ತಿ, ಬಿಟ್ಟು, ದೋಣಿ ಹೇಗೆ ಉತ್ತರಿಸುತ್ತದೆಂದು ನೋಡಿ ಮತ್ತೆ ಒತ್ತಬೇಕು.

ನಮ್ಮ ಕರಾವಳಿಯ ನಾಡದೋಣಿಗಳಿಗೆ ಸಾಮಾನ್ಯವಾಗಿ ಇಂಥ ಫಲಕಗಳಿರುವುದಿಲ್ಲ. ಅಲ್ಲಿ ಔಟ್‌ಬೋರ್ಡ್ ಎಂಜಿನ್ನಿನ ಓರೆಯನ್ನು ಬದಲಿಸಿ ಇದೇ ಕೆಲಸ ಮಾಡಬಹುದು. ಎಂಜಿನ್ನಿನ ಕಾಲನ್ನು ದೋಣಿಯ ಕಡೆಗೆ ತಂದರೆ ಮೂತಿ ತಗ್ಗುತ್ತದೆ, ಹೊರಕ್ಕೆ ಸರಿಸಿದರೆ ಏಳುತ್ತದೆ. ಉಳಿದದ್ದನ್ನು ಬಲೆಯ ರಾಶಿ ಎಲ್ಲಿಡಬೇಕು, ಯಾರು ಎಲ್ಲಿ ಕೂರಬೇಕು ಎಂಬ ತಾಂಡೇಲನ ಮಾತು ನೋಡಿಕೊಳ್ಳುತ್ತದೆ.

ಫಲಕ ಕೈಕೊಡುವ ಹೊತ್ತು

ಟ್ರಿಮ್ ಟ್ಯಾಬ್‌ಗೆ ಒಂದು ದೊಡ್ಡ ಮಿತಿಯಿದೆ. ಅದರ ಬಲ ಹುಟ್ಟುವುದು ಓಡುವ ನೀರಿನಿಂದ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ, ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗ. ದೋಣಿ ನಿಂತರೆ ಬಲ ಸೊನ್ನೆ. ಎಂಜಿನ್ ಕೆಟ್ಟಾಗ, ಅಲೆಗೆ ಹೆದರಿ ವೇಗವನ್ನು ಪೂರ್ತಿ ತಗ್ಗಿಸಿದಾಗ, ಅಂದರೆ ತೀರ ಕಷ್ಟದ ಗಳಿಗೆಯಲ್ಲಿ, ಅದು ಬರೀ ತಗಡು. ಆಗ ದೋಣಿಯನ್ನು ಕಾಯುವುದು ಅದರಲ್ಲಿರುವ ಭಾರ ಎಷ್ಟು, ಎಲ್ಲಿದೆ ಎಂಬುದು ಮಾತ್ರ. ಮಿತಿಮೀರಿ ತುಂಬಿದ ದೋಣಿಯ ಅಂಚು ನೀರಿಗೆ ಹತ್ತಿರವಾಗಿರುತ್ತದೆ. ಜನ ಎದ್ದು ನಿಂತರೆ ಭಾರಕೇಂದ್ರ ಮೇಲೇರುತ್ತದೆ. ಒಂದೇ ಬದಿಗೆ ಸರಿದರೆ ಅಂಚು ಮುಳುಗುತ್ತದೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕಡಿಯ ಸರೋವರದಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಮಂದಿ ಸತ್ತರು. ಅಲ್ಲಿ ಕಡಲ ಅಲೆಯೇ ಇರಲಿಲ್ಲ. ಕಾಡುಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದದ್ದು ಹೇಳಲಾದ ಕಾರಣಗಳಲ್ಲಿ ಒಂದು.

ಆದ್ದರಿಂದ ಪ್ರವಾಸಕ್ಕೆ ಹೋಗುವ ಮಕ್ಕಳೂ ಅವರನ್ನು ಕರೆದೊಯ್ಯುವ ಹಿರಿಯರೂ ದೋಣಿ ಹತ್ತುವ ಮೊದಲೇ ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ದೋಣಿಯಲ್ಲಿ ಎಷ್ಟು ಮಂದಿಗೆ ಅನುಮತಿಯಿದೆ? ಹತ್ತಿದವರು ಎಷ್ಟು? ಪ್ರತಿಯೊಬ್ಬರಿಗೂ, ಚಿಕ್ಕ ಮಕ್ಕಳಿಗೆ ಅವರ ಅಳತೆಯದೇ ಆದ, ಜೀವರಕ್ಷಕ ಜಾಕೆಟ್ ಇದೆಯೇ? ಅದನ್ನು ದಡದಲ್ಲೇ ಹಾಕಿ ಪಟ್ಟಿ ಬಿಗಿದಿದ್ದಾರೆಯೇ? ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಟಿಕೆಟ್ಟಿನ ಹಣ ಹೋದರೆ ಹೋಗಲಿ, ದಡದಲ್ಲಿ ನಿಂತೇ ಸಮುದ್ರ ನೋಡಬಹುದು. ಹತ್ತಿದ ಮೇಲೆ ದೋಣಿಯವರು ತೋರಿಸಿದ ಜಾಗದಲ್ಲೇ ಕೂರಬೇಕು. ಫೋಟೋ ತೆಗೆಯಲು ಎದ್ದು ನಿಲ್ಲುವುದೂ, ಒಂದೇ ಬದಿಗೆ ನುಗ್ಗುವುದೂ ಕೂಡದು.

ಮಾಡಿ ನೋಡಿ

ಅಂಗೈ ಅಗಲದ ಥರ್ಮಾಕೋಲ್ ತುಂಡಿನ ಒಂದು ತುದಿಯನ್ನು ಚೂಪಾಗಿ ಕತ್ತರಿಸಿ. ಹಿಂದಿನ ಅಂಚಿನ ಕೆಳಗೆ ಹಳೆಯ ಫೈಲಿನ ಪ್ಲಾಸ್ಟಿಕ್ ಹಾಳೆಯ ಪಟ್ಟಿಯೊಂದನ್ನು ಅಂಟಿಸಿ. ಮುಂದೆ ದಾರ ಕಟ್ಟಿ, ಹಿರಿಯರು ಜೊತೆಗಿರುವಾಗ, ನೀರಿನ ತೊಟ್ಟಿಯಲ್ಲಿ ಎಳೆಯಿರಿ. ಪಟ್ಟಿ ನೇರವಾಗಿದ್ದಾಗ ಒಮ್ಮೆ, ಕೆಳಕ್ಕೆ ಬಗ್ಗಿಸಿ ಒಮ್ಮೆ, ಬಗ್ಗಿಸಿಟ್ಟು ತೀರ ನಿಧಾನವಾಗಿ ಎಳೆದು ಇನ್ನೊಮ್ಮೆ. ಮೂರು ಸಲವೂ ಮೂತಿಯನ್ನೇ ಗಮನಿಸಿ. ಬಳಿಕ ಅದರ ಮೇಲೆ ನಾಲ್ಕು ನಾಣ್ಯಗಳನ್ನಿಟ್ಟು, ಒಂದೊಂದಾಗಿ ಒಂದೇ ಬದಿಗೆ ಸರಿಸುತ್ತ ಹೋಗಿ. ಎಷ್ಟನೆಯ ನಾಣ್ಯಕ್ಕೆ ದೋಣಿ ಮಗುಚಿತು ಎಂಬುದನ್ನು ಬರೆದಿಟ್ಟುಕೊಂಡು, ಮನೆಯವರಿಗೂ ತೋರಿಸಿ.